ಕಂತಿ ಕರಗಿದ ಲಿಂಗ

ಶಾರವ್ವನ ಕೊರಳಿನಿಂದ ಲಿಂಗವಿಡುವ ಬೆಳ್ಳಿಯ ಕರಡಿಗೆ ಬಿಚ್ಚಿಸಿದವಳು ಅವಳ ಅಜ್ಜಿ ಸಿದ್ದವ್ವ. ಮನೆಯವರೆಲ್ಲ ಎದುರಿಗೇ ಕುಳಿತಿದ್ದರು. ಯಾರೂ ಬೇಡವೆನ್ನಲಿಲ್ಲ. ಅಂದು ಬೇಡವೆನ್ನದವರೇ ಮುಂದೆ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿಕೊಂಡು ಕಿತ್ತಾಡಿದರು.

ಅದು 1979ರ ಆಗಸ್ಟ್ ತಿಂಗಳ ಕೊನೆ. ಅಕ್ಕಿಆಲೂರಿನಲ್ಲಿ ಶಾರವ್ವನ ಅಪ್ಪ ಅಜ್ಜಪ್ಪನದು ಒಂದು ಹಿಟ್ಟಿನ ಗಿರಣಿ. ಮಗ ಫಕ್ಕೀರಪ್ಪ ಗಿರಣಿ ನೋಡಿಕೊಳ್ಳುತ್ತಿದ್ದ. ಮಗಳು ದಿನಾ ಹಾನಗಲ್ಲಿಗೆ ಬಸ್ಸಿನಲ್ಲಿ ಹೋಗಿಬಂದು ಪಿಯುಸಿ ಮುಗಿಸಿದ್ದಳು. ಸರಕಾರದ ಶಿಷ್ಯವೇತನದ ಮೇಲೆ ರಷ್ಯಾದವರ ಖಾರ್ಕೋವ್ ಎಂಬ ಊರಿನಲ್ಲಿ ಡಾಕ್ಟರಿಕೆ ಕಲಿಯಲು ಅವಳಿಗೆ ಕರೆ ಬಂದಿತ್ತು. ಅಜ್ಜಪ್ಪ ಹೂಂ ಎಂದದ್ದಕ್ಕೆ ಒಂದೇ ಕಾರಣ. ಅವನ ಜೊತೆ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಕುಳಿತಿದ್ದ ಸವಣೂರಿನ ಇಸಾಕ ಮಾಸ್ತರರ ಮಗಳು ನೂರಜಹಾನ ಎರಡು ವರ್ಷದಿಂದ ಅದೇ ಊರಿನಲ್ಲಿ ಓದುತ್ತಿದ್ದಳು.

ಸಿದ್ದವ್ವ ಹೂಂ ಎಂದಿರಲಿಲ್ಲ. ಹೊರಡುವ ಹಿಂದಿನ ದಿನದವರೆಗೂ ಮುಖ ಗಂಟು ಹಾಕಿಕೊಂಡು ಕುಳಿತಿದ್ದಳು. ಕೊನೆಗೆ ಮೊಮ್ಮಗಳನ್ನು ಕರೆದು ತನ್ನ ಪಾದ ಮುಟ್ಟಿಸಿ ಆಣೆ ಮಾಡಿಸಿಕೊಂಡಳು. ಲಿಂಗಪೂಜೆ ಆಗದೆ ಬಾಯಿಗೆ ಅನ್ನ ಹಾಕಬಾರದು. ಅಷ್ಟೇ. ಹುಡುಗಿ ಆಣೆ ಮಾಡಿದಳು. ಆ ಮನೆಯಲ್ಲಿ ಅದು ಬಾಯಿಮಾತಲ್ಲ. ಸಿದ್ದವ್ವ ಸೊಸೆಯಾಗಿ ಬಂದ ಹೊಸದರಲ್ಲಿ ವರದಾ ಹೊಳೆಯಲ್ಲಿ ಮೀಯುವಾಗ ಕೊರಳ ದಾರ ಹರಿದು ಲಿಂಗ ನೀರಿಗೆ ಬಿದ್ದಿತ್ತು. ಮುಳುಗು ಹಾಕುವವರು ಅದನ್ನು ಹುಡುಕಿ ತರುವವರೆಗೆ ಅವಳು ದಂಡೆ ಬಿಟ್ಟು ಏಳಲಿಲ್ಲ, ಗುಟುಕು ನೀರು ಕುಡಿಯಲಿಲ್ಲ. ಗಂಡ ಬಂದು ಹೊಡೆದರೂ ಏಳಲಿಲ್ಲ. ಶಾರವ್ವ ಆಯಿ ಎಂದು ಕರೆಯುವ ಈ ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳಿದ ಕತೆಯೇ ಅದು.

ಆಣೆಯಾದ ಮೇಲೆ ಮುದುಕಿಗೆ ಇನ್ನೊಂದು ಚಿಂತೆ ಹತ್ತಿತು. ವಿಮಾನದ ಕಡೆಯವರು ಬಂಗಾರ ಬೆಳ್ಳಿ ಕಂಡರೆ ಕಸಿದುಕೊಳ್ಳುತ್ತಾರಂತೆ ಎಂದು ಓಣಿಯಲ್ಲಿ ಯಾರೋ ಹೇಳಿದ್ದರು. ಸಿದ್ದವ್ವ ಬೆಳ್ಳಿ ಕರಡಿಗೆಯೊಳಗಿನ ಲಿಂಗವನ್ನು ತೆಗೆದು, ತನ್ನ ಹಳೆಯ ಸೀರೆಯ ಸೆರಗಿನಿಂದ ಹರಿದ ತುಂಡಿನಲ್ಲಿ ಸುತ್ತಿ, ಬಿಳಿ ದಾರ ಹಾಕಿ ಹುಡುಗಿಯ ಕೊರಳಿಗೆ ಕಟ್ಟಿದಳು. ಕರಡಿಗೆ ಮುದುಕಿಯ ಟ್ರಂಕಿನ ತಳ ಸೇರಿತು. "ಈಗ ನೋಡ್ರಿ, ಅರಿವಿ ಗಂಟು. ಯಾವ ಕಳ್ಳನೂ ಮುಟ್ಟಂಗಿಲ್ಲ" ಎಂದಳು. ತಾಯಿ ವೀರವ್ವ ಅತ್ತೆಯ ಬುದ್ಧಿಗೆ ತಲೆದೂಗಿದಳು.

ಕಳ್ಳ ಮುಟ್ಟಲಿಲ್ಲ.

ಖಾರ್ಕೋವ್ ಮುಟ್ಟಿದ ದಿನವೇ ಹೊರದೇಶದಿಂದ ಬಂದ ಹುಡುಗ ಹುಡುಗಿಯರನ್ನೆಲ್ಲ ಒಂದು ದವಾಖಾನೆಗೆ ಕರೆದೊಯ್ದರು. ರೋಗ ರುಜಿನ ಇಲ್ಲವೆಂದು ಖಾತ್ರಿಯಾಗುವವರೆಗೆ ಅಲ್ಲಿಯೇ ಇರಬೇಕು. ದಪ್ಪ ತೋಳಿನ ನರ್ಸಬಾಯಿಯೊಬ್ಬಳು ಶಾರವ್ವನ ಕಿವಿಯೋಲೆ, ಕೈಗಡಿಯಾರ ಬಿಚ್ಚಿಸಿ ಕಾಗದದ ಚೀಲಕ್ಕೆ ಹಾಕಿ ಹೆಸರು ಬರೆದಳು. ಉಟ್ಟ ಬಟ್ಟೆಯನ್ನೆಲ್ಲ ತೆಗೆಸಿ ದೊಡ್ಡ ಗೋಣಿಗೆ ತುರುಕಿದಳು. ಆಮೇಲೆ ಕೊರಳಿನ ಗಂಟು ಕಂಡಿತು. ಮಾಸಿದ ಹಳೆ ಅರಿವೆ. ಶಾರವ್ವ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು, ತಿಳಿದಷ್ಟು ಇಂಗ್ಲಿಷಿನಲ್ಲಿ ದೇವರು ದೇವರು ಎಂದಳು. ಆ ಹೆಂಗಸಿಗೆ ಇಂಗ್ಲಿಷ್ ಬಾರದು. ನಗುತ್ತಲೇ, ಮಗುವಿಗೆ ಹೇಳುವಂತೆ ಏನೋ ಹೇಳುತ್ತಲೇ, ಕತ್ತರಿಯಿಂದ ದಾರ ಕತ್ತರಿಸಿ ಗಂಟನ್ನೂ ಗೋಣಿಗೆ ಹಾಕಿದಳು. ಹೇನು, ಹುರುಕು ಇರಬಾರದೆಂದು ಆ ಗೋಣಿಗಳನ್ನು ಕಾದ ಹಬೆಯ ಕೋಣೆಯಲ್ಲಿಡುವುದು ಅಲ್ಲಿನ ಪದ್ಧತಿ.

ಮರುದಿನ ಬಟ್ಟೆ ತಿರುಗಿ ಬಂದವು. ಕಾಗದದ ಚೀಲದಲ್ಲಿ ಓಲೆ, ಗಡಿಯಾರ ಇದ್ದ ಹಾಗೇ ಇದ್ದವು. ಅರಿವೆಯ ಗಂಟು ಕರ್ರಗೆ ಅಂಟಂಟಾಗಿತ್ತು. ಲಿಂಗದ ಮೇಲಿನ ಕರಿಯ ಹೊದಿಕೆಗೆ ಕಂತಿ ಎನ್ನುತ್ತಾರೆ. ರಾಳ, ಬೂದಿ, ಎಣ್ಣೆ ಕೂಡಿಸಿ ಕಾಸಿ ಮಾಡಿದ್ದು. ಹಬೆಗೆ ಅದು ಕರಗಿ ಅರಿವೆಯ ತುಂಬ ಹರಿದಿತ್ತು. ಒಳಗಿನ ಸಣ್ಣ ಕಲ್ಲು ಬತ್ತಲೆಯಾಗಿ ಒಂದು ಮಗ್ಗುಲಿಗೆ ಹೊರಳಿ ಅಂಟಿಕೊಂಡಿತ್ತು. ಶಾರವ್ವ ಮಂಚದ ಮೇಲೆ ಕುಳಿತು ಅದನ್ನೇ ನೋಡಿದಳು. ಭಿನ್ನವಾದ ಲಿಂಗ ಪೂಜೆಗೆ ಬರುವುದಿಲ್ಲ. ಪೂಜೆ ಇಲ್ಲದೆ ಊಟ ಇಲ್ಲ. ಆಗತಾನೇ ಬಂದ ತಟ್ಟೆಯಲ್ಲಿ ಕಪ್ಪು ರೊಟ್ಟಿಯ ಹೋಳು, ಬೆಣ್ಣೆ, ಕಂದು ಬಣ್ಣದ ನುಚ್ಚು ಇದ್ದವು. ಅವಳು ತಟ್ಟೆಯನ್ನು ದೂರ ಸರಿಸಿದಳು.

ಇತ್ತ ಅಕ್ಕಿಆಲೂರಿನಲ್ಲಿ ಇದೊಂದೂ ಗೊತ್ತಿಲ್ಲ. ಮಾತು ಬೇರೆಯದಕ್ಕೇ ಹತ್ತಿತ್ತು. ಫಕ್ಕೀರಪ್ಪನಿಗೆ ಹಂಸಭಾವಿಯ ಹೆಣ್ಣು ನಿಕ್ಕಿಯಾಗಿತ್ತು. ಅವರ ಕಡೆಯವರು ಈಗ ಮಾತು ಬದಲಿಸಿದ್ದರು. ಮದುವೆಯಾಗದ ತಂಗಿಯನ್ನು ಪರದೇಶಕ್ಕೆ ಬಿಟ್ಟ ಮನೆ, ಸ್ವಲ್ಪ ನೋಡೋಣ ಎಂದಿದ್ದರಂತೆ. ಫಕ್ಕೀರಪ್ಪ ಗಿರಣಿಯಿಂದ ಮೈಯೆಲ್ಲ ಹಿಟ್ಟಾಗಿ ಬಂದವನು ಊಟಕ್ಕೆ ಕುಳಿತಾಗಲೆಲ್ಲ ಅದನ್ನೇ ತೆಗೆಯುತ್ತಿದ್ದ.

"ಆಕಿ ಡಾಕ್ಟರ ಆಗಿ ಬರೂತನಾ ನಾ ಗಿರಣ್ಯಾಗ ಮುದುಕ ಆಗ್ಲೇನಪಾ?"

"ಆಗು. ಮುದುಕ ಆದರ ಬುದ್ಧಿನರ ಬರ್ತೈತಿ" ಎಂದ ಅಜ್ಜಪ್ಪ.

ವೀರವ್ವ ಇಬ್ಬರ ತಾಟಿಗೂ ಕೇಳದೆಯೇ ರೊಟ್ಟಿ ಹಾಕಿ ಬಾಯಿ ಮುಚ್ಚಿಸುತ್ತಿದ್ದಳು. ಸಿದ್ದವ್ವ ಮಾತ್ರ ಪೂಜೆ ಮುಗಿಸಿ ತುತ್ತು ಎತ್ತುವ ಮುಂಚೆ ದಿನಾ ಒಂದೇ ಮಾತು ಕೇಳುತ್ತಿದ್ದಳು, ಅಲ್ಲಿ ಹುಡುಗಿಗೆ ಪೂಜೆಗೆ ಪತ್ರಿ ಸಿಗುತ್ತದೋ ಇಲ್ಲವೋ ಎಂದು. ಅಜ್ಜಪ್ಪ ಸಿಡುಕುತ್ತಿದ್ದ. ಅಲ್ಲಿ ಬಿಲ್ವದ ಗಿಡ ಹಚ್ಚಲು ತಾನೇ ಹೋಗಬೇಕೇನು ಎನ್ನುತ್ತಿದ್ದ.

ಅಲ್ಲಿ ಹುಡುಗಿ ಸಕ್ಕರೆ ಹಾಕಿದ ಕರಿ ಚಹಾದ ಮೇಲೆ ದಿನ ತೆಗೆಯುತ್ತಿದ್ದಳು. ಚಹಾ ಕುಡಿದದ್ದಕ್ಕೂ ಅವಳಿಗೆ ಹೆದರಿಕೆ. ದವಾಖಾನೆಯಿಂದ ಹಾಸ್ಟೆಲಿಗೆ ಬಂದ ಮೇಲೆ ನೂರಜಹಾನ ಅವಳನ್ನು ಹುಡುಕಿಕೊಂಡು ಬಂದಳು. ಕನ್ನಡ ಕಿವಿಗೆ ಬಿದ್ದದ್ದೇ ಶಾರವ್ವ ಅಳಲು ಶುರುಮಾಡಿದಳು. ನೂರಜಹಾನಳ ಹತ್ತಿರ ಕರೆಂಟಿನ ಒಲೆ ಇತ್ತು. ಅಕ್ಕಿ ಕುದಿಸಿ, ಮನೆಯಿಂದ ಜೋಪಾನವಾಗಿ ತಂದಿಟ್ಟ ಶೇಂಗಾ ಚಟ್ನಿ ಹಾಕಿ ಮುಂದಿಟ್ಟಳು.

"ಇದರಾಗ ಮಾಂಸ ಇಲ್ಲ, ತತ್ತಿ ಇಲ್ಲ. ನಮ್ಮವ್ವ ಕುಟ್ಟಿದ ಚಟ್ನಿ. ಉಣ್ಣ."

"ಒಲ್ಲೆಕ್ಕಾ. ನಿಮ್ಮ ಕೈದು ಅಂತಲ್ಲ."

"ಗೊತ್ತೈತಿ. ನಾ ಇಲ್ಲಿ ರೋಜಾ ಹಿಡದಾಕಿ. ಆದರ ನಮಗ ಸಂಜಿಗಿ ಬಿಡಾಕ ಹೇಳ್ಯಾರ. ನಿನಗ ಬಿಡು ಅನ್ನಾವ್ರು ಯಾರು?"

 ಬಿಡು ಎನ್ನಬೇಕಾದವಳು ಅಕ್ಕಿಆಲೂರಿನಲ್ಲಿದ್ದಳು, ಅವಳು ಎನ್ನುವವಳಲ್ಲ. ಮನೆಗೆ ಬರೆಯಲೂ ಹುಡುಗಿ ಒಪ್ಪಲಿಲ್ಲ. ಬರೆದರೆ ಕರಡಿಗೆಯ ಮಾತು ಬರುತ್ತದೆ, ಆಯಿಯ ಮೇಲೆ ಎಲ್ಲರೂ ಬೀಳುತ್ತಾರೆ ಎಂದಳು. ನೂರಜಹಾನಳಿಗೆ ಸಿಟ್ಟು ಬಂತು. ಅವಳಿಗೆ ಹೇಳದೆಯೇ ತನ್ನ ಅಪ್ಪನಿಗೆ ಎಲ್ಲ ಬರೆದು ಹಾಕಿದಳು.

ಶಾರವ್ವ ರಷ್ಯನ್ ಅಕ್ಷರ ಕಲಿಸುವ ತರಗತಿಗೆ ಹೋಗುತ್ತಲೇ ಇದ್ದಳು. ಕರಿ ಹಲಗೆಯ ಮೇಲಿನ ಅಕ್ಷರಗಳು ಎರಡೆರಡಾಗಿ ಕಾಣತೊಡಗಿದವು. ಬಸ್ಸಿನಂಥ ಟ್ರಾಮಿನಲ್ಲಿ ಕಂಬ ಹಿಡಿದು ನಿಂತರೆ ಕೈ ತಾನೇ ಬಿಟ್ಟುಹೋಗುತ್ತಿತ್ತು. ಹಾಸ್ಟೆಲಿನ ಮೇಲ್ವಿಚಾರಕಿ ಎರಡು ಸಲ ಕರೆಸಿ, ಆರೋಗ್ಯ ಸರಿ ಇಲ್ಲದಿದ್ದರೆ ತಿರುಗಿ ಕಳಿಸುತ್ತೇವೆಂದು ನೂರಜಹಾನಳ ಬಾಯಿಂದ ಹೇಳಿಸಿದಳು. ಒಂದು ಮುಂಜಾನೆ ಹುಡುಗಿ ತರಗತಿಯ ಬಾಗಿಲಲ್ಲೇ ಕುಸಿದು ಬಿದ್ದಳು.

ಮತ್ತೆ ದವಾಖಾನೆ. ಕೈಗೆ ಸೂಜಿ. ಎಚ್ಚರವಾದಾಗ ಪಕ್ಕದ ಮಂಚದ ಮುದುಕಿಯೊಬ್ಬಳು ಬಟ್ಟಲಲ್ಲಿ ಅದೇ ಕಂದು ನುಚ್ಚು ಹಿಡಿದು ಚಮಚೆಯನ್ನು ಶಾರವ್ವನ ತುಟಿಯ ಹತ್ತಿರ ತಂದಿದ್ದಳು. ಮೇಲೆ ಬೆಣ್ಣೆ ಕರಗಿತ್ತು. ಶಾರವ್ವ ಬಾಯಿ ತೆರೆದಳು. ಮುಂದೆ ಕೈ ತಡೆಯಲಿಲ್ಲ. ಬಟ್ಟಲು ಕಸಿದುಕೊಂಡು ಬೆರಳಿನಿಂದ ಬಳಿದು ತಿಂದಳು. ತಿಂದ ಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು. ಆಕಾಶ ಬೀಳಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ. ಅಂದಿನಿಂದ ಅವಳು ದಿನಾ ಉಂಡಳು. ಉಂಡೆ ಎಂದು ಮನೆಗೆ ಬರೆಯಲು ಕೈ ಏಳಲಿಲ್ಲ.

ನೂರಜಹಾನಳ ಕಾಗದ ಸವಣೂರು ಮುಟ್ಟಲು ಮೂರು ವಾರ ಹಿಡಿಯಿತು. ಓದಿದವರೇ ಇಸಾಕ ಮಾಸ್ತರರು ಶಾಲೆಗೆ ರಜಾ ಹಾಕಿ, ಬಂಕಾಪುರದಲ್ಲಿ ಬಸ್ ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಅಕ್ಕಿಆಲೂರಿಗೆ ಬಂದರು. ಮನೆಯವರು ಊಟಕ್ಕೆ ಕುಳಿತಿದ್ದರು. ಮಾಸ್ತರರಿಗೂ ತಾಟು ಹಾಕಿದರು. ಅವರು ಕೈ ತೊಳೆಯಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಕತ್ತರಿ, ಹಬೆ, ಜೋಪಾನವಾಗಿ ತಿರುಗಿ ಬಂದ ಓಲೆ, ಕರಗಿದ ಕಂತಿ, ಕರಿ ಚಹಾ. ಕಾಗದ ಬರೆದ ದಿನಕ್ಕೆ ಹುಡುಗಿ ವಾರದಿಂದ ಉಂಡಿರಲಿಲ್ಲ.

ಅಜ್ಜಪ್ಪ ತಾಟು ಸರಿಸಿ ಎದ್ದ. "ಮೂರು ವಾರದ ಹಿಂದಿನ ಮಾತಲ್ರಿ ಮಾಸ್ತರ. ಈಗ?"

ಈಗಿನದು ತನಗೂ ಗೊತ್ತಿಲ್ಲವೆಂದರು ಮಾಸ್ತರರು.

ಮೊದಲು ಬಾಯಿ ಬಿಟ್ಟವಳು ವೀರವ್ವ. ಇಪ್ಪತ್ತೈದು ವರ್ಷ ಅತ್ತೆಗೆ ಎದುರಾಡದ ಹೆಂಗಸು. ಅತ್ತೆಯ ಟ್ರಂಕಿನ ಮುಚ್ಚಳ ತೆಗೆದು, ಕೈ ಹಾಕಿ, ಕರಡಿಗೆಯನ್ನು ತಂದು ಸಿದ್ದವ್ವನ ತಾಟಿನಲ್ಲಿ, ಅನ್ನದ ಮೇಲೆ ಇಟ್ಟಳು.

"ತಗೋರಿ ಅತ್ತಿ. ಉಳಿಸೀರಲ್ಲ, ಉಣ್ರಿ. ಓಲಿ ಬಂಗಾರದ್ದಂತ ಜ್ವಾಕಿ ಮಾಡಿ ಕೊಟ್ಟಾರ. ಇದು ಬೆಳ್ಳ್ಯಾಗ ಇದ್ದಿದ್ದರ ಇದನ್ನೂ ಕೊಡ್ತಿದ್ದರು. ನೀವು ಚಿಂದ್ಯಾಗ ಕಟ್ಟಿ ಕಳಿಸಿದ್ರಿ."

"ನೀನೂ ಇದ್ದೆಲ್ಲ ಎದುರಿಗೆ. ಆಗ ನಾಲಿಗಿ ಏನಾಗಿತ್ತು?" ಎಂದಳು ಸಿದ್ದವ್ವ. ದನಿ ಏರಲಿಲ್ಲ.

ಫಕ್ಕೀರಪ್ಪ ಅಪ್ಪನ ಮೇಲೆ ಬಿದ್ದ. ಕಳಿಸಿದವನು ನೀನು ಎಂದ. ಅಜ್ಜಪ್ಪ ಮಗನ ಮೇಲೆ ಬಿದ್ದ. ತಂಗಿ ಹೋದದ್ದು ನಿನಗೆ ಮೊದಲಿನಿಂದಲೂ ಹೊಟ್ಟೆಯುರಿ ಎಂದ. ಮಾಸ್ತರರು ಗಿರಣಿಯ ಅವಾಜಿನಲ್ಲಿ ಮಾತಾಡುವವರಂತೆ ಕೂಗಿ ಹೇಳಬೇಕಾಯಿತು. ಜಗಳ ಆಮೇಲೆ ಮಾಡಿರಿ, ತಂತಿ ಕೊಡೋಣ, ತಂತಿಯಾದರೆ ಎರಡು ಮೂರು ದಿನದಲ್ಲಿ ಮುಟ್ಟುತ್ತದೆ ಎಂದು.

ಮಠದ ಅಯ್ಯನವರನ್ನು ಕರೆಸಿದರು. ಅವರು ಕರಡಿಗೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, ಹೊಸ ಲಿಂಗ ಕೊಡಬಹುದು, ಆದರೆ ಎದುರಿಗೆ ಕೂಡಿಸಿಕೊಂಡು ಕೈಯಲ್ಲೇ ಕೊಡಬೇಕು, ಟಪಾಲಿನಲ್ಲಿ ದೀಕ್ಷೆ ಆಗುವುದಿಲ್ಲ ಎಂದರು. ಅಲ್ಲಿಯವರೆಗೆ ಊಟದ ಮಾತೇನು ಎಂದು ಅಜ್ಜಪ್ಪ ಕೇಳಿದ. ಅಯ್ಯನವರು ಸಿದ್ದವ್ವನ ಮುಖ ನೋಡಿದರು. ಆಣೆ ಹಾಕಿಸಿಕೊಂಡವರೇ ಹೇಳಲಿ ಎಂದು ಜಾರಿಕೊಂಡರು.

ಎಲ್ಲರೂ ಮುದುಕಿಯನ್ನು ನೋಡಿದರು. ಅವಳು ಎಡಗೈಯಿಂದ ತನ್ನ ಕೊರಳಿನ ಲಿಂಗವನ್ನು ಹಿಡಿದುಕೊಂಡಿದ್ದಳು.

"ಯವ್ವಾ, ಹೇಳಬೇ. ನೀ ಹೇಳಿದರ ಉಣ್ಣತಾಳ. ನಾ ಹೇಳಿದರ ಆಕಿ ಕೇಳಂಗಿಲ್ಲ" ಎಂದ ಅಜ್ಜಪ್ಪ. ಅವನು ಯಾರ ಮುಂದೆಯೂ ಹಾಗೆ ಬೇಡಿದವನಲ್ಲ.

 "ಉಣ್ಣು ಅಂತ ಬರೀರಿ" ಎಂದಳು ಸಿದ್ದವ್ವ. ಮತ್ತೆ, "ಲಿಂಗ ಇಲ್ಲದಿದ್ದರೂ ಉಣ್ಣು ಅಂತ. ನನ್ನ ಹೆಸರು ಹಾಕ್ರಿ" ಎಂದಳು. ಎದ್ದು ಹಿತ್ತಲಿಗೆ ಹೋಗಿ ಬಾವಿಯ ಕಟ್ಟೆಯ ಮೇಲೆ ಕುಳಿತಳು. ಅಂದು ಅವಳು ಉಣ್ಣಲಿಲ್ಲ. ಮರುದಿನವೂ ಪೂಜೆ ಮಾಡಿದಳು, ತಾಟಿನ ಮುಂದೆ ಕೂಡಲಿಲ್ಲ. ವೀರವ್ವ ಒಮ್ಮೆ ಕರೆದಳು, ಎರಡನೆಯ ಸಲ ಕರೆಯಲಿಲ್ಲ. ಮೂರನೆಯ ದಿನ ತಾನೇ ಗಂಜಿ ಮಾಡಿ ಒಯ್ದು ಕಟ್ಟೆಯ ಮೇಲಿಟ್ಟು ಬಂದಳು. ಆಮೇಲೆ ಮುದುಕಿ ಹೊತ್ತಿಗೊಂದು ಲೋಟ ಗಂಜಿ ಕುಡಿಯುತ್ತಿದ್ದಳು, ಅಷ್ಟೇ.

ತಂತಿ ಕೊಡಲು ಮಾಸ್ತರರೂ ಅಜ್ಜಪ್ಪನೂ ಮುದುಕಿ ಹೂಂ ಎಂದ ದಿನ ಸಂಜೆಯೇ ಹಾನಗಲ್ಲಿಗೆ ಹೋಗಿದ್ದರು. ಮಾಸ್ತರರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಮಾತನ್ನೇ ಬರೆದರು. ಲಿಂಗ ಇಲ್ಲದಿದ್ದರೂ ಉಣ್ಣು, ಸಿದ್ದವ್ವ. ಕೆಳಗೆ, ನಾವೆಲ್ಲ ಕ್ಷೇಮ ಎಂದು ಸೇರಿಸಿದ್ದರು. ಅಜ್ಜಪ್ಪ ಆ ಸಾಲಿನ ಮೇಲೆ ಬೆರಳಿಟ್ಟ. "ಎಲ್ಲೈತ್ರಿ ಕ್ಷೇಮ? ಹೊಡದ್ ಹಾಕ್ರಿ ಅದನ್ನ." ಮಾಸ್ತರರು ಒಂದು ಗಳಿಗೆ ಅನುಮಾನಿಸಿದರು, ಸ್ನೇಹಿತನ ಮುಖ ನೋಡಿ ಹೊಡೆದುಹಾಕಿದರು.

ಖಾರ್ಕೋವಿನಲ್ಲಿ ಆಗಲೇ ಗಿಡಗಳ ಎಲೆ ಉದುರಿ ಚಳಿ ಬಿದ್ದಿತ್ತು. ಶಾರವ್ವ ತರಗತಿಯಿಂದ ಬಂದು ಬಾಗಿಲಲ್ಲಿ ಕುಳಿತ ಕಾವಲಿನ ಹೆಂಗಸಿನ ಕೈಯಲ್ಲಿ ತಂತಿಯ ಕಾಗದ ಕಂಡಳು.  ಅವರ ಮನೆಗೆ ಇಲ್ಲಿಯವರೆಗೆ ಬಂದದ್ದು ಎರಡೇ ತಂತಿ. ಒಂದು ಅಜ್ಜ ಹುಬ್ಬಳ್ಳಿಯ ದವಾಖಾನೆಯಲ್ಲಿ ತೀರಿದಾಗ, ಇನ್ನೊಂದು ಸೋದರಮಾವ ತೀರಿದಾಗ. ತಂತಿ ಎಂದರೆ ಸಾವು. ಯಾರು ಎಂಬುದೊಂದೇ ಉಳಿದ ಮಾತು. ಬಿಚ್ಚಿ ಓದಿದಳು. ಎರಡನೆಯ ಸಲ ಓದಲಿಲ್ಲ.

ನೂರಜಹಾನ ಓದಿ ನಕ್ಕಳು. ಅಂತೂ ಅಜ್ಜಿ ಕರಗಿದಳಲ್ಲ ಎಂದಳು.

"ಇಲ್ಲಕ್ಕಾ. ಆಯಿ ಬದುಕಿದ್ದರ ಇದನ್ನ ಅನ್ನಾಕಿ ಅಲ್ಲ. ಆಕಿ ಹೋಗ್ಯಾಳ. ಅದಕ್ಕ ಅಪ್ಪ ಆಕಿ ಹೆಸರು ಹಾಕ್ಯಾನ. ಇನ್ನ ಬೈಯವ್ರು ಯಾರೂ ಇಲ್ಲ, ಉಣ್ಣು ಅಂತ."

"ಹುಚ್ಚಿ, ಅಷ್ಟ ಬರದಾರ. ಸತ್ತಾಳಂತ ಎಲ್ಲೈತಿ?"

"ಎಲ್ಲಾರೂ ಆರಾಮ ಅಂತ ಎಲ್ಲೈತಿ? ತೋರಸ್ರಿ."

ನೂರಜಹಾನ ಕಾಗದವನ್ನು ತಿರುಗಿಸಿ ನೋಡಿದಳು, ಹಿಂಬದಿ ಖಾಲಿ.

ಶಾರವ್ವನ ಲೆಕ್ಕ ಅಲ್ಲಿಗೆ ನಿಲ್ಲಲಿಲ್ಲ. ತಾನು ಆಣೆ ಮುರಿದು ನುಚ್ಚು ತಿಂದೆ, ಆಯಿಯ ಪಾದ ಮುಟ್ಟಿ ಮಾಡಿದ ಆಣೆ, ಅದು ಆಯಿಯನ್ನೇ ತಿಂದಿತು. ಯಾರು ಹೇಳಿದರೂ ಆ ಗಂಟು ಬಿಚ್ಚಲಿಲ್ಲ. ಮರುದಿನದಿಂದ ಅವಳು ಮತ್ತೆ ತಟ್ಟೆ ದೂರ ಸರಿಸಿದಳು. ಈ ಸಲ ಚಹಾ ಕೂಡ ಇಲ್ಲ. ನೂರಜಹಾನ ಅವಳನ್ನು ಎಳೆದುಕೊಂಡೇ ತಂತಿ ಕಚೇರಿಗೆ ಹೋದಳು. ಕೇಳು, ನೀನೇ ಕೇಳು ಎಂದಳು.

ಅಕ್ಕಿಆಲೂರಿನ ಮನೆಗೆ ಆ ತಂತಿ ಹಿಡಿದು ಬಂದವನು ಅಂಚೆಯ ಚಂದ್ರಪ್ಪ. ಊರಿಗೆಲ್ಲ ಪರಿಚಯದವನು. ಅವನು ಓಣಿಯ ತುದಿಯಲ್ಲೇ ಸೈಕಲ್ ಇಳಿದು ತಳ್ಳಿಕೊಂಡು ಬರುವುದನ್ನು ಕಂಡ ವೀರವ್ವನಿಗೆ ಎಲ್ಲ ತಿಳಿದುಹೋಯಿತು. ಕೈಯಲ್ಲಿನ ಮೊರ ಜಾರಿ ಅಕ್ಕಿ ಅಂಗಳದ ತುಂಬ ಚೆಲ್ಲಿತು. "ನನ್ನ ಮಗಳು ಹೋದಳಲ್ಲೋ" ಎಂದು ಅಂಗಳದಲ್ಲೇ ಕುಸಿದಳು. ಅಕ್ಕಪಕ್ಕದ ಹೆಂಗಸರು ಓಡಿ ಬಂದರು. ಗಿರಣಿ ಬಂದಾಯಿತು. ಬಂದು ನಿಂತ ಅಜ್ಜಪ್ಪನಿಗೆ ತಂತಿಗೆ ಕೈ ಚಾಚುವ ಧೈರ್ಯ ಬರಲಿಲ್ಲ. ಸಿದ್ದವ್ವ ಕಂಬಕ್ಕೆ ಒರಗಿ ಕುಳಿತಿದ್ದಳು, ಅಲುಗಲಿಲ್ಲ.

ಚಂದ್ರಪ್ಪನ ಕಣ್ಣು ಮಾತ್ರ ಸಿದ್ದವ್ವನ ಮೇಲೇ ನಿಂತಿತ್ತು. ಅವನಿಗೆ ದಿಕ್ಕು ತಪ್ಪಿದಂತಾಗಿತ್ತು.

"ಓದೋ ಮಾರಾಯಾ" ಎಂದು ಫಕ್ಕೀರಪ್ಪ ಅವನ ರಟ್ಟೆ ಹಿಡಿದ. "ಏನಂತ ಬಂದೈತಿ?"

"ಶಾರವ್ವಂದ ಐತ್ರಿ ತಂತಿ. ಆಕಿನ ಕೊಟ್ಟಾಳ. ಆದರ..." ಚಂದ್ರಪ್ಪ ಕಾಗದ ಮಡಚಿ ಮತ್ತೆ ಬಿಚ್ಚಿದ. "ಆಯಿ ಯಾವತ್ತು ತೀರಿಕೊಂಡಳು ತಿಳಿಸ್ರಿ, ಅಂತ ಐತ್ರಿ."

ಅಳು ನಿಂತಿತು. ನೆರೆಮನೆಯ ಹೆಂಗಸೊಬ್ಬಳಿಗೆ ನಗು ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಪ್ಪ ಹೊಡೆದುಹಾಕಿಸಿದ ಸಾಲನ್ನು ನೆನೆಸಿಕೊಂಡನೋ ಏನೋ, ಹಣೆ ಗಟ್ಟಿಯಾಗಿ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತ. ಸಿದ್ದವ್ವ ಕೇಳಿದ್ದು ಒಂದೇ.

"ಉಂಡಾಳಂತೇನು? ಅದನ್ನ ಓದು."

"ಅದಿಲ್ರಿ ಯವ್ವಾ. ಇಷ್ಟ ಐತ್ರಿ."

"ಮತ್ತ ಓದು."

ಚಂದ್ರಪ್ಪ ಮತ್ತೆ ಓದಿದ. ಮೊದಲಿನಷ್ಟೇ ಇತ್ತು. ಮುದುಕಿ ಕಂಬ ಹಿಡಿದು ಎದ್ದು ನಿಂತಳು. ತಂತಿ ಬೇಡವೆಂದಳು. ತಂತಿಯಲ್ಲಿ ಯಾರ ಹೆಸರು ಬೇಕಾದರೂ ಹಾಕಬಹುದು, ಹುಡುಗಿ ನಂಬುವುದಿಲ್ಲ, ತನ್ನ ದನಿ ಕೇಳಿದರೆ ನಂಬುತ್ತಾಳೆ ಎಂದಳು. ಫೋನಿನಲ್ಲಿ ಮಾತಾಡಬೇಕಾದರೆ ಹುಬ್ಬಳ್ಳಿಗೆ ಹೋಗಬೇಕು, ಲೈನು ಮುಂಬಯಿಯ ಮೇಲೆ ಹಾಯ್ದು ಹೋಗಬೇಕು, ಸಿಕ್ಕರೆ ಸಿಕ್ಕಿತು, ನಿನ್ನ ಮೈ ತಡೆಯುವುದಿಲ್ಲ ಎಂದು ಅಜ್ಜಪ್ಪ ಹೇಳಿ ನೋಡಿದ. ಸಿದ್ದವ್ವ ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

ಹಾಸ್ಟೆಲಿನ ಫೋನ್ ನಂಬರು ಇಸಾಕ ಮಾಸ್ತರರ ಹತ್ತಿರ ಇತ್ತು, ಅವರಿಗೆ ಹೇಳಲು ಫಕ್ಕೀರಪ್ಪ ಅಂದೇ ಸವಣೂರಿಗೆ ಹೋದ. ಮರುದಿನ ನಸುಕಿನ ಬಸ್ಸಿಗೆ ಅಜ್ಜಪ್ಪ, ವೀರವ್ವ, ಸಿದ್ದವ್ವ ಹೊರಟರು. ಬಂಕಾಪುರದಲ್ಲಿ ಮಾಸ್ತರರು ಬಸ್ಸಿಗೆ ಕೂಡಿಕೊಂಡರು. ಶಿಗ್ಗಾಂವಿ ದಾಟುವಾಗ ಸಿದ್ದವ್ವನಿಗೆ ವಾಂತಿಯಾಯಿತು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ನೀರಷ್ಟೇ ಬಂತು. ವೀರವ್ವ ಅತ್ತೆಯ ತಲೆಯನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡು ಬಾಯಿ ಒರೆಸಿದಳು. ಕರಡಿಗೆ ತಾಟಿಗೆ ಬಿದ್ದ ದಿನದಿಂದ, ಊಟಕ್ಕೆ ಒಮ್ಮೆ ಕರೆದದ್ದು ಬಿಟ್ಟರೆ, ಅವರಿಬ್ಬರೂ ಮಾತಾಡಿರಲಿಲ್ಲ, ಆಗಲೂ ಆಡಲಿಲ್ಲ.

ಹುಬ್ಬಳ್ಳಿಯ ತಂತಿ ಕಚೇರಿಯ ಕಟ್ಟಿಗೆ ಬಾಕಿನ ಮೇಲೆ ಕುಳಿತೇ ಇಡೀ ದಿನ ಹೋಯಿತು. ಮಾಸ್ತರರು ಆಗಾಗ ಕಿಟಕಿಗೆ ಹೋಗಿ ಬರುತ್ತಿದ್ದರು. ಮುಂಬಯಿ ಸಿಕ್ಕಿತೆಂದರು, ಮತ್ತೆ ತಪ್ಪಿತೆಂದರು. ಹೊತ್ತು ಮುಳುಗುವ ಹೊತ್ತಿಗೆ ಕಿಟಕಿಯವನು ಕೂಗಿದ. ಮೊದಲು ಯಾರೋ ಹೆಂಗಸು ತಿಳಿಯದ ಮಾತಾಡಿದಳು. ಆಮೇಲೆ ನೂರಜಹಾನ ಬಂದಳು. ಮಾಸ್ತರರು ಮಗಳ ಸುದ್ದಿ ಕೂಡ ಕೇಳದೆ, ಶಾರವ್ವನನ್ನು ಕರಿ, ಕರಿ ಎಂದು ಕೂಗಿ ಸಿದ್ದವ್ವನ ಕಿವಿಗೆ ಫೋನ್ ಹಚ್ಚಿದರು.

"ಶಾರೀ" ಎಂದಳು ಸಿದ್ದವ್ವ. ಹಿತ್ತಲಿನಿಂದ ಕರೆಯುವ ದನಿಯೇ.

ಆ ಕಡೆ ಬರೀ ಮಳೆ ಸುರಿದಂಥ ಸದ್ದು. ಆಮೇಲೆ, "ಆಯಿ?"

"ಸತ್ತಿಲ್ಲಬೇ ನಾನು. ನಾನ ಹೇಳಿ ಬರಸೇನಿ, ಉಣ್ಣು ಅಂತ. ನನ್ನ ಬಾಯಿಲೇ ಹೇಳೇನಿ."

ಆ ಕಡೆ ಹುಡುಗಿ ಅಳುತ್ತಿದ್ದಳು. ಅಳುವಿನ ನಡುವೆ ಒಂದೊಂದೇ ಮಾತು ಬಂತು. "ಆಯಿ, ನಾ ಮೊದಲ ಉಂಡಿದ್ದೆ. ನೀ ಹೇಳೂಕಿಂತ ಮೊದಲ. ದವಾಖಾನ್ಯಾಗ."

 ಮಗ, ಸೊಸೆ, ಮಾಸ್ತರರು ಸಿದ್ದವ್ವನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಆ ಕಡೆಯದು ಕೇಳುತ್ತಿರಲಿಲ್ಲ. ಮುದುಕಿಯ ಎಡಗೈ ಕೊರಳಿನ ಹತ್ತಿರ ಹೋಯಿತು, ಅಲ್ಲಿಂದ ತಿರುಗಿ ಫೋನಿಗೇ ಬಂತು. ಎರಡೂ ಕೈಯಿಂದ ಅದನ್ನು ಹಿಡಿದುಕೊಂಡಳು.

"ಏನ ಉಂಡಿ?"

"ನುಚ್ಚು. ಬೆಣ್ಣಿ ಹಾಕಿದ್ದು."

"ಉಪ್ಪು ಇತ್ತೇನವಾ ಅದರಾಗ?"

ಏನೋ ಕಟ್ಟೆಂದಿತು. ಮಳೆಯ ಸದ್ದೂ ನಿಂತಿತು. ಸಿದ್ದವ್ವ ಮತ್ತೆರಡು ಸಲ ಶಾರೀ ಎಂದಳು. ಕಿಟಕಿಯವನು ಲೈನ್ ಹೋಯಿತೆಂದ. ಮತ್ತೆ ಸಿಗಬೇಕಾದರೆ ನಾಳೆ, ಅದೂ ಹೇಳಲು ಬರುವುದಿಲ್ಲ ಎಂದ.

"ಏನಂದಳ್ರೀ ಅತ್ತಿ?" ವೀರವ್ವ ಅತ್ತೆಯ ಎರಡೂ ಭುಜ ಹಿಡಿದಿದ್ದಳು.

"ಉಂಡಿದ್ದಳಂತ. ನಾ ಹೇಳೂಕಿಂತ ಮೊದಲ ಉಂಡಿದ್ದಳಂತ."

ಅಜ್ಜಪ್ಪ ಉಸಿರು ಬಿಟ್ಟ. ಹಾಗಾದರೆ ಕಡೆಯ ಬಸ್ ಸಿಗುತ್ತದೆ, ನಡೆಯಿರಿ ಎಂದ. ವೀರವ್ವ ಏಳಲಿಲ್ಲ. "ಆವಾಗ ಉಂಡಿದ್ದಳು. ನೀವು ತೀರಿದ್ರಿ ಅಂತ ತಿಳದ ಮ್ಯಾಲ? ಇವತ್ತ ಉಂಡಾಳೇನ್ರಿ?"

ಸಿದ್ದವ್ವ ಸೊಸೆಯ ಮುಖ ನೋಡಿದಳು. 

"ಕೇಳಲಿಲ್ಲ. ಉಪ್ಪಿಂದು ಕೇಳಿದೆ."

ಬಾಕಿಗೆ ಹೋಗಿ ಕುಳಿತು, ಕಾಲು ಮೇಲೆ ಎಳೆದುಕೊಂಡಳು. ನೀವು ಹೋಗ್ರಿ, ನಾನು ನಾಳೆಯವರೆಗೂ ಇಲ್ಲೇ ಕೂಡುತ್ತೇನೆ ಎಂದಳು. ಅಜ್ಜಪ್ಪ ಬೈದ. ಮಾಸ್ತರರು ತಿಳಿಹೇಳಿದರು. ಕಚೇರಿಯ ಜವಾನ ಬಂದು ಬಾಗಿಲು ಹಾಕುವ ಹೊತ್ತಾಯಿತೆಂದ. ವರದೆಯ ದಂಡೆಯ ಮೇಲೆ ಗಂಡ ಹೊಡೆದರೂ ಏಳದವಳನ್ನು ಎಬ್ಬಿಸುವವರು ಯಾರೂ ಇರಲಿಲ್ಲ. ವೀರವ್ವ ಅತ್ತೆಯ ಮಗ್ಗುಲಲ್ಲಿ ಕುಳಿತಳು. ಮುಂಜಾನೆ ಕಟ್ಟಿಕೊಂಡು ಬಂದ ರೊಟ್ಟಿಯ ಗಂಟನ್ನು ಚೀಲದಿಂದ ತೆಗೆದು ಇಬ್ಬರ ನಡುವೆ ಇಟ್ಟಳು. ಅದರ ಗಂಟನ್ನು ಯಾರೂ ಬಿಚ್ಚಲಿಲ್ಲ.